ಉರುಳು ಕುರ್ಚಿಯ ಮಹಾರಾಣಿ

ನಮ್ಮೂರಿನ ಬಡಗಿಗಳು ಒಬ್ಬರೇ ಕೂರುವ ಮಣೆ ಮಾಡುವುದಿಲ್ಲ. ಎಷ್ಟು ಕೇಳಿಕೊಂಡರೂ ಮಾಡುವುದಿಲ್ಲ. ಕ್ಷೌರದಂಗಡಿಯಲ್ಲಿ ಇಬ್ಬರು ಕೂರುವ ಕುರ್ಚಿ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಇಬ್ಬರು ಕೂರುವ ಬೆಂಚು. ಊಟಕ್ಕೆ ಹಾಕುವ ಮಣೆಯೂ ಉದ್ದದ್ದೇ, ಅದಕ್ಕೆ ಜೋಡಿ ಮಣೆ ಅನ್ನುತ್ತೇವೆ. ಹೊರಗಿನಿಂದ ಬಂದವರು ಮೊದಲು ನಗುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ಬಡಗಿ ಕಾಳಾಚಾರಿಯ ಅಂಗಡಿ ಎಲ್ಲಿ ಅಂತ ವಿಚಾರಿಸಿಕೊಂಡು ಬರುತ್ತಾರೆ.

ವಿಷಯ ಇಷ್ಟೇ. ಮನಸ್ಸಿನಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಒಬ್ಬರೇ ಬಹಳ ಹೊತ್ತು ಕೂತರೆ, ನಮ್ಮೂರಿನಲ್ಲಿ ಏಳಲು ಆಗುವುದಿಲ್ಲ. ಕೂತ ಜಾಗ ಹಿಡಿದುಕೊಳ್ಳುತ್ತದೆ. ‘ಜಾಗ ಹಿಡಿದದೆ’ ಅನ್ನುತ್ತೇವೆ, ನೆಗಡಿ ಆಗಿದೆ ಅಂದ ಹಾಗೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮತ್ತೆಗೆ ಒಮ್ಮೆ ಒರಳ ಹತ್ತಿರ ಹಿಡಿದಿತ್ತು. ಶಾನುಭೋಗರ ಮನೆಯ ಹಿರಿಯರಿಗೆ ಮಗಳ ಮದುವೆಯ ಮಾರನೆಯ ದಿನ ಖಾಲಿ ಚಪ್ಪರದಲ್ಲೇ ಹಿಡಿದಿತ್ತು. ಬಚ್ಚಲಿಗೆ, ಹಾಸಿಗೆಗೆ ಅಂದರೆ ಬಿಡುತ್ತದೆ, ಅಷ್ಟು ಮರ್ಯಾದೆ ಇಟ್ಟುಕೊಂಡಿದೆ. ಆಮೇಲೆ ಮತ್ತೆ ಅಲ್ಲಿಗೇ ಎಳೆದು ಕೂರಿಸುತ್ತದೆ.

ಬಿಡಿಸುವುದಕ್ಕೂ ಒಂದು ರೀತಿ ಇದೆ. ಎಳೆಯಬಾರದು, ಎಳೆದರೆ ಇನ್ನೂ ಬಿಗಿಯುತ್ತದೆ. ಏನಾಯಿತು ಅಂತ ಕೇಳಬಾರದು. ಕೈಗೆ ಏನಾದರೂ ಕೆಲಸ ತೆಗೆದುಕೊಂಡು ಹೋಗಿ, ಅವರ ಪಕ್ಕದಲ್ಲಿ ಅವರಷ್ಟೇ ಎತ್ತರದಲ್ಲಿ ಕೂರಬೇಕು. ಬತ್ತಿ ಹೊಸೆಯಿರಿ, ಸೊಪ್ಪು ಸೋಸಿರಿ, ಏನು ಬೇಕಾದರೂ ಮಾಡಿರಿ, ಅವರ ಮುಖ ಮಾತ್ರ ನೋಡುತ್ತಾ ಕೂರಬಾರದು. ಅವರಾಗಿ ಮಾತು ತೆಗೆಯುತ್ತಾರೆ. ತೆಗೆದಾಗ ಕೇಳಿಸಿಕೊಳ್ಳಬೇಕು. ಕಾಲು ಜುಮ್ಮೆನ್ನುತ್ತಿದೆ ಅಂದರೆ ಬಿಡುತ್ತಿದೆ ಅಂತ ಅರ್ಥ. ಆಗ ಇಬ್ಬರೂ ಒಟ್ಟಿಗೆ ಏಳುವುದು. ಬಹಳ ದಿನ ಯಾರೂ ಜೊತೆ ಕೂರದಿದ್ದರೆ ಏಳಬೇಕು ಅನ್ನುವ ಆಸೆಯೇ ಹೊರಟುಹೋಗುತ್ತದೆ. ನಮಗೆ ಭಯ ಇರುವುದು ಅದೊಂದಕ್ಕೇ. ಕೆರೆ ಏರಿಯ ಮೇಲೆ ಮನುಷ್ಯ ಕೂತ ಹಾಗೆ ಕಾಣುವ ಒಂದು ಕಲ್ಲಿದೆ. ಅದರ ಮಾತು ನಾವು ಮಕ್ಕಳ ಮುಂದೆ ಆಡುವುದಿಲ್ಲ.

ಊರಿನಲ್ಲಿ ಜೊತೆ ಕೂರುವವರು ಅಂತ ಕೆಲವರು ಇರುತ್ತೇವೆ. ನಾನು, ಅಂದರೆ ಊರಿನವರಿಗೆ ಸಾಕಕ್ಕ, ಮಕ್ಕಳಿಗೆ ಸಾಕಜ್ಜಿ, ಮತ್ತು ನನ್ನ ವಾರಗಿತ್ತಿ ಚಿಕ್ಕತಾಯಮ್ಮ ಅತ್ತೆಯಿಂದ ಇದನ್ನು ಕಲಿತವರು. ನಾನು ಶಾಲೆಗೆ ಹೋದದ್ದು ಕಾಗುಣಿತದವರೆಗೆ, ಅವಳು ಅಷ್ಟೂ ಇಲ್ಲ. ಆದರೆ ಈ ಊರಿನಲ್ಲಿ ನಮ್ಮಿಬ್ಬರ ಪಕ್ಕ ಕೂತು ಏಳದ ಮನೆತನ ಇಲ್ಲ ಅಂತ ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಬೇರೆಯವರ ಜೊತೆ ಕೂತು ಬಂದಮೇಲೆ ನಾವಿಬ್ಬರೂ ನಮ್ಮ ಜೋಡಿ ಮಣೆಯ ಮೇಲೆ ಕೂತು ಒಬ್ಬರ ಜೊತೆಗೊಬ್ಬರು ಉಣ್ಣುತ್ತಿದ್ದೆವು. ಹೋದ ವರ್ಷ ಯುಗಾದಿಯ ಆಸುಪಾಸಿನಲ್ಲಿ ಚಿಕ್ಕತಾಯಮ್ಮ ತೀರಿಕೊಂಡಳು. ಆಮೇಲಿಂದ ನಾನು ಒಲೆಯ ಪಕ್ಕ ನಿಂತುಕೊಂಡೇ ಉಣ್ಣತೊಡಗಿದೆ. ವಯಸ್ಸಾದವರಿಗೆ ಬಗ್ಗಿ ಕೂರುವುದು ಕಷ್ಟ ಅಂತ ಕೇಳಿದವರಿಗೆ ಹೇಳುತ್ತಿದ್ದೆ.

ಅದಕ್ಕೂ ಮುಂಚೆಯೇ ಊರಾಚೆ ದಿಬ್ಬದ ಮೇಲೆ ಇಂಜಿನಿಯರಿಂಗ್ ಕಾಲೇಜು ಬಂದಿತ್ತು. ಕಂಪ್ಯೂಟರು, ಮೆಷಿನ್ನು, ಕಟ್ಟಡ, ಕರೆಂಟು ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಹಾಸ್ಟೆಲ್ಲಿಗೆ ಲಾರಿಗಟ್ಟಲೆ ಕುರ್ಚಿ ಬಂದವು. ಎಲ್ಲವೂ ಒಂಟಿ ಕುರ್ಚಿ, ಮೇಲಾಗಿ ಅಡಿಯಲ್ಲಿ ಚಕ್ರ. ಕಾಳಾಚಾರಿ ಅವತ್ತೇ ಓಡಿಹೋಗಿ ಪ್ರಿನ್ಸಿಪಾಲರ ಮುಂದೆ ನಿಂತ.

“ಸಾರ್, ಒಂಟಿ ಕುರ್ಚಿ ನಮ್ಮೂರ್ಗೆ ಆಗಾಕಿಲ್ಲ. ಮಕ್ಳಿಗೆ ಜಾಗ ಹಿಡೀತದೆ.”

“ಅಂದ್ರೆ, ನಿಮ್ಮ ಅಂಗಡಿ ಬೆಂಚು ಖರ್ಚಾಗ್ಲಿ ಅಂತ ಹೇಳ್ತಿದ್ದೀರಾ?”

“ಅಂಗಂದ್ಕೊಳಿ ಸಾರ್. ಮೊದಲ್ನೇ ಪರೀಕ್ಷೆ ಆಗ್ಲಿ, ನಾನೇ ಬತ್ತೀನಿ” ಅಂದು ಕಾಳಾಚಾರಿ ಇಳಿದುಬಂದ.

ಪರೀಕ್ಷೆಯ ತನಕ ಕಾಯಬೇಕಾಗಲೇ ಇಲ್ಲ. ಆದರೆ ಆ ಮಕ್ಕಳು ಬುದ್ಧಿವಂತರು ನೋಡಿ, ನಮ್ಮ ಹತ್ತಿರ ಬರಲಿಲ್ಲ, ತಾವೇ ಉಪಾಯ ಹುಡುಕಿದರು. ಜಾಗ ಹಿಡಿದ ಹುಡುಗನ ಕುರ್ಚಿಯ ಕೆಳಗೆ ಕಾರಿನ ಜಾಕಿ ಇಟ್ಟು ಎತ್ತಿದರು, ಹುಡುಗ ಕುರ್ಚಿಯ ಸಮೇತ ಎದ್ದ. ಸ್ಕ್ರೂ ಬಿಚ್ಚಿದರು, ಕೂರುವ ಹಲಗೆ ಅವನ ಜೊತೆಗೇ ಬಂತು. ಗ್ರೀಸು ಬಳಿದರು, ಪ್ಯಾಂಟು ಹಾಳಾಯಿತು. ಕೊನೆಗೆ ಯಾರಿಗೋ ಹೊಳೆಯಿತು: ಕುರ್ಚಿಗೆ ಚಕ್ರ ಇದೆಯಲ್ಲ, ಏಳುವುದೇಕೆ? ಅಂದಿನಿಂದ ಜಾಗ ಹಿಡಿದವರನ್ನು ಕುರ್ಚಿಯಲ್ಲೇ ತಳ್ಳಿಕೊಂಡು ಕ್ಲಾಸಿಗೆ, ಲ್ಯಾಬಿಗೆ, ಊಟಕ್ಕೆ ಕರೆದೊಯ್ಯತೊಡಗಿದರು. ಮೆಟ್ಟಿಲಿದ್ದ ಕಡೆ ಹಲಗೆ ಹಾಕಿ ಇಳಿಜಾರು ಮಾಡಿದರು. ಕುರ್ಚಿಗೆ ಸೈಕಲ್ ಬೆಲ್ ಕಟ್ಟಿದರು, ಬಿಸಿಲಿಗೆ ಕೊಡೆ ಸಿಕ್ಕಿಸಿದರು. ಒಬ್ಬೊಬ್ಬರ ಕುರ್ಚಿಯೂ ಒಂದೊಂದು ತೇರಿನ ಹಾಗಾಯಿತು. ಎಷ್ಟೋ ಮಕ್ಕಳಿಗೆ ಈ ಗಲಾಟೆಯಲ್ಲೇ ನಗು ಬಂದು, ಮಾತು ಬಂದು, ತಾನಾಗಿ ಬಿಟ್ಟುಹೋಯಿತು. ಅದನ್ನು ನೋಡಿ ನಾನೂ ಸುಮ್ಮನಿದ್ದೆ.

ಚಿಕ್ಕತಾಯಮ್ಮ ಹೋದಮೇಲಿನ ಮೊದಲ ಅವರೆಕಾಯಿ ಕಾಲ ಬಂತು. ನಾನು ಪ್ರತಿ ವರ್ಷ ಕಾಳು ನೆನೆಹಾಕಿ, ಸಿಪ್ಪೆ ಹಿತುಕಿ ಬೇಳೆ ಮಾಡಿ ಮನೆಮನೆಗೆ ಕೊಡುವವಳು. ಹಾಸ್ಟೆಲಿನ ಅಡುಗೆಮನೆಗೂ ಕೊಡತೊಡಗಿದ್ದೆ. ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ಗೇಟಿನೊಳಗೆ ಹೋಗುತ್ತಿದ್ದಾಗ ಎದುರಿಗೆ ಬೆಲ್ಲು ಟ್ರಿಣ್ ಟ್ರಿಣ್ ಅಂತು.

“ದಾರಿ ಬಿಡ್ರಪ್ಪೋ ದಾರಿ! ಮಹಾರಾಣಿಯವರು ಕ್ಲಾಸಿಗೆ ದಯಮಾಡಿಸ್ತಿದ್ದಾರೆ!”

ತಳ್ಳುತ್ತಿದ್ದವಳು ಫರ್ಹಾನಾ ಎನ್ನುವ ಹುಡುಗಿ. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಕುರ್ಚಿಯಲ್ಲಿದ್ದವಳು ಅವಳ ರೂಮಿನವಳು, ಸಿಂಚನ. ಇಬ್ಬರೂ ಕಂಪ್ಯೂಟರ್ ಓದುವವರು. ಸಿಂಚನ ಕೈ ಎತ್ತಿ ಆಶೀರ್ವಾದ ಮಾಡಿದಳು, ಸುತ್ತ ಇದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಫರ್ಹಾನಾ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಾಗ, ನೋಡುವವರು ಯಾರೂ ಇಲ್ಲ ಅಂದುಕೊಂಡ ಆ ಒಂದು ಗಳಿಗೆ, ಹುಡುಗಿಯ ಮುಖದ ಮೇಲಿನ ನಗು ನಲ್ಲಿ ನಿಲ್ಲಿಸಿದ ಹಾಗೆ ನಿಂತುಹೋಯಿತು.

“ಎಷ್ಟು ದಿನ ಆತವ್ವಾ ಈ ಮಗೀಗೆ?” ಎಂದು ಫರ್ಹಾನಾಳನ್ನು ಕೇಳಿದೆ.

“ದಸರಾ ರಜಾ ಮುಗಿಸ್ಕೊಂಡು ಬಂದಾಗಿಂದ ಸಾಕಜ್ಜಿ.”

“ದಸರಾಯಿಂದವಾ!”

“ಹೂಂ. ಆದ್ರೆ ಒಂದು ದಿನಾನೂ ಆಬ್ಸೆಂಟ್ ಮಾಡ್ಸಿಲ್ಲ ಗೊತ್ತಾ? ನಮ್ಮ ಬ್ಯಾಚಲ್ಲಿ ಫುಲ್ ಅಟೆಂಡೆನ್ಸ್ ಇರೋದು ಇವಳದ್ದೇ” ಅಂದಳು ಫರ್ಹಾನಾ, ಹೆಮ್ಮೆಯಿಂದ.

ಸಿಂಚನಳ ಪಾದ ನೋಡಿದೆ. ಬೇರೆ ಮಕ್ಕಳು ಕುರ್ಚಿ ತಳ್ಳಿಸಿಕೊಳ್ಳುವಾಗ ತಾವೂ ಕಾಲು ಒತ್ತಿ ಒಂದಿಷ್ಟು ನೂಕುತ್ತಿದ್ದರು. ಇವಳು ಎರಡೂ ಪಾದ ಮೇಲೆತ್ತಿ, ಕುರ್ಚಿಯ ಕಂಬಕ್ಕೆ ಸುತ್ತಿಕೊಂಡಿದ್ದಳು. ನೆಲಕ್ಕೆ ತಾಗುವುದೇ ಬೇಡ ಅಂದ ಹಾಗೆ.

ಅಡುಗೆಮನೆಯಲ್ಲಿ ವಾರ್ಡನ್ ಜಯಶೀಲಾ ಸಿಕ್ಕರು. ಒಳ್ಳೆಯ ಹೆಂಗಸು, ಮಕ್ಕಳೆಂದರೆ ಜೀವ. ನಾನು ಕಂಡದ್ದನ್ನು ಹೇಳಿದೆ. “ನಗ್ತಾ ಇದಾಳಲ್ಲಜ್ಜಿ, ಅವಳಿಗೇನು? ಅಳೋರ ಕಡೆ ನೋಡೋಕೇ ನನಗೆ ಸಮಯ ಸಾಲ್ತಿಲ್ಲ” ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟು ಮಕ್ಕಳು, ಒಬ್ಬರೇ ವಾರ್ಡನ್ನು. “ನಾಳೆ ಬಂದು ಒಂದೀಟು ಹೊತ್ತು ಪಕ್ಕದಲ್ಲಿ ಕುಂತ್ಕತ್ತೀನಿ ಕಣಮ್ಮ” ಅಂದೆ. ಬನ್ನಿ ಅಂದರು.

ನಾಳೆಯ ತನಕ ಕಾಯುವಂತಾಗಲಿಲ್ಲ. ಅವತ್ತೇ ಮಧ್ಯಾಹ್ನ ಬಿಸಿಲು ತಿರುಗುವ ಹೊತ್ತಿಗೆ ಫರ್ಹಾನಾ ಏದುಸಿರು ಬಿಡುತ್ತಾ ನಮ್ಮ ಮನೆ ಬಾಗಿಲಿಗೆ ಬಂದಳು. ಜೊತೆಗೆ ಮೆಕ್ಯಾನಿಕಲ್ ಓದುವ ಗುರುಕಿರಣ, ಕುರ್ಚಿಗಳಿಗೆ ಬೆಲ್ಲು ಕೊಡೆ ಕಟ್ಟಿದ ಪುಣ್ಯಾತ್ಮ.

“ಅಜ್ಜಿ, ಚಕ್ರ ಉರುಳ್ತಿಲ್ಲ” ಅಂದ ಅವನು. “ಬೇರಿಂಗ್ ನೋಡ್ದೆ, ಏನೂ ಆಗಿಲ್ಲ. ನಾಲ್ಕು ಜನ ತಳ್ಳಿದ್ರೂ ಅಲ್ಲಾಡಲ್ಲ. ಲ್ಯಾಬ್ ಹೊರಗಡೆ ಮೊಸಾಯಿಕ್ ನೆಲಕ್ಕೇ ಕಚ್ಕೊಂಡ್ಬಿಟ್ಟಿದೆ.”

“ಅವಳು ಏನಂತಾಳೆ?”

ಫರ್ಹಾನಾಳ ದೊಡ್ಡ ಗಂಟಲು ಅವತ್ತು ಸಣ್ಣದಾಗಿತ್ತು. “ಇನ್ನು ತಳ್ಬೇಡ ಕಣೇ, ಇಲ್ಲೇ ಇರ್ತೀನಿ, ಇಲ್ಲೇ ಚೆನ್ನಾಗಿದೆ ಅಂತಾಳಜ್ಜಿ. ನಗ್ತಾನೇ ಹೇಳ್ತಾಳೆ. ನಂಗೆ ಭಯ ಆಗ್ತಿದೆ.”

ನನಗೆ ಕೆರೆ ಏರಿ ನೆನಪಾಯಿತು. ನೆನೆದ ಅವರೆಕಾಳಿನ ಪಾತ್ರೆಯನ್ನು ಎತ್ತಿಕೊಂಡು ಅವರ ಹಿಂದೆ ಹೊರಟೆ.

ದಾರಿಯಲ್ಲಿ ಕಾಳಾಚಾರಿ ಸೇರಿಕೊಂಡ. ಲ್ಯಾಬಿನ ಹೊರಗೆ ಉದ್ದದ ಪಡಸಾಲೆ. ಕಿಟಕಿಯ ಪಕ್ಕದಲ್ಲಿ ಸಿಂಚನಳ ಕುರ್ಚಿ, ಸುತ್ತ ಗುಂಪು. ಒಬ್ಬ ಜಾಕಿ ತಂದಿದ್ದ, ಇನ್ನೊಬ್ಬ ಎಣ್ಣೆ ತಂದಿದ್ದ. ಜಯಶೀಲಾ ಹುಡುಗಿಯ ತಲೆ ನೇವರಿಸುತ್ತಾ, “ನಿಮ್ಮ ತಂದೆ ತಾಯಿಗೆ ಫೋನ್ ಮಾಡ್ಲಾ ಕಂದ?” ಅನ್ನುತ್ತಿದ್ದರು.

“ಬೇಡ ಮೇಡಂ. ಪ್ಲೀಸ್, ಬೇಡ” ಅಂದಳು ಸಿಂಚನ. ಅದೊಂದು ಮಾತಿನಲ್ಲಿ ಮಾತ್ರ ನಗು ಇರಲಿಲ್ಲ.

“ನಿಂತ್ಕಂಡು ನೋಡೋರೆಲ್ಲ ವಸಿ ಆಕಡೆ ಹೋಗ್ರಪ್ಪ. ಕುಂತ್ಕಳಂಗಿದ್ರೆ ಇರಿ” ಅಂದೆ. ಗುಂಪು ಕರಗಿತು. ಫರ್ಹಾನಾ ಗೋಡೆಗೊರಗಿ ನೆಲದ ಮೇಲೆ ಕೂತಳು. ಗುರುಕಿರಣ ಕಂಬದ ಬುಡದಲ್ಲಿ ಕೂತ. ನನಗೆ ಕೂರಲು ಅಲ್ಲಿ ಇದ್ದದ್ದು ಅಂಥದ್ದೇ ಇನ್ನೊಂದು ಒಂಟಿ ಕುರ್ಚಿ. ಅದನ್ನೇ ಸಿಂಚನಳ ಪಕ್ಕಕ್ಕೆ ಎಳೆದೆ.

“ಸಾಕಕ್ಕಾ, ಒಂಟಿ ಕುರ್ಚಿ ಕಣಕ್ಕಾ, ಪಕ್ದಲ್ಲಿ ಯಾರಿದ್ರೂ ಒಬ್ರೇ ಕುಂತಂಗೇಯ” ಅಂದ ಕಾಳಾಚಾರಿ. “ತಡಿ, ಅಂಗಡಿಯಿಂದ ಬೆಂಚು ತತ್ತೀನಿ.”

“ನೀನು ಬೆಂಚು ತರೋ ಹೊತ್ಗೆ ಸಂಕ್ರಾಂತಿ ಬತ್ತದೆ. ಹೋಗತ್ಲಾಗೆ.”

ಕೂತೆ. ಮಡಿಲಲ್ಲಿ ತಟ್ಟೆ, ಇಬ್ಬರ ನಡುವೆ ಕಾಳಿನ ಪಾತ್ರೆ. ಹಿತುಕತೊಡಗಿದೆ. ನೆನೆದ ಕಾಳನ್ನು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಮಾತಿಲ್ಲ ಕಥೆಯಿಲ್ಲ, ಪುಳಕ್ ಪುಳಕ್ ಸದ್ದು ಬಿಟ್ಟರೆ ಏನೂ ಇಲ್ಲ. ಸಿಂಚನ ಕಿಟಕಿಯ ಕಡೆ ನೋಡುತ್ತಿದ್ದಳು. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಕಾಲೇಜಿನ ಗಂಟೆ ಹೊಡೆಯಿತು, ಮಕ್ಕಳು ಹೋದರು, ಬಂದರು. ನನಗೆ ಅವಸರವಿರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆ ಅಂದರೆ ಅದೇ.

ಒಂದು ಬೇಳೆ ಕೈ ತಪ್ಪಿ ಹಾರಿ ಹುಡುಗಿಯ ಕೆನ್ನೆಗೆ ಹೊಡೆಯಿತು. ಅವಳು ಬೆಚ್ಚಿ, ಅದನ್ನು ಮಡಿಲಿನಿಂದ ಆರಿಸಿ ತಟ್ಟೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಹಾರಿತು. ಅದನ್ನೂ ಹಾಕಿದಳು. ಮೂರನೆಯದು ಹಾರಿದಾಗ,

“ಅಜ್ಜಿ, ನೀವು ಹೆಬ್ಬೆರಳಲ್ಲಿ ಒತ್ತೋದಕ್ಕೆ ಹಾಗೆ ಹಾರುತ್ತೆ. ನಮ್ಮಮ್ಮ ಮೂತಿ ಕಡೆ ಹಿಡ್ಕೊಂಡು ಒತ್ತುತ್ತಾರೆ.”

“ಅಂಗಾ? ಎಲ್ಲಿ ತೋರ್ಸು.”

ಅವಳ ಕೈ ಪಾತ್ರೆಯೊಳಗೆ ಇಳಿಯಿತು. ಹಿತುಕಿದ ಮೊದಲನೆಯದೇ ಹಾರಿ ಗುರುಕಿರಣನ ಕನ್ನಡಕಕ್ಕೆ ಹೊಡೆಯಿತು.

“ನಿಮ್ಮಮ್ಮನ ಟೆಕ್ನಿಕ್ ಸೂಪರ್” ಅಂದ ಅವನು.

“ಸುಮ್ನಿರೋ” ಅಂದಳು ಫರ್ಹಾನಾ.

ಆಮೇಲೆ ನಾಲ್ವರೂ ಹಿತುಕಿದೆವು. ಸದ್ದು ಹೆಚ್ಚಾಯಿತು, ಪುಳಕ್ ಪುಳಕ್ ಪುಳಕ್. ಸಿಂಚನ ಆ ಸದ್ದನ್ನೇ ಕೇಳುತ್ತಿದ್ದಳು ಅಂತ ಕಾಣುತ್ತದೆ. ತಟ್ಟೆಯ ಕಡೆಗೇ ನೋಡುತ್ತಾ ಅಂದಳು:

“ಲ್ಯಾಬಲ್ಲೂ ಹೀಗೇ ಅಜ್ಜಿ. ಎಲ್ಲರ ಕೀಬೋರ್ಡಿಂದಲೂ ಟಕಟಕ ಟಕಟಕ ಸದ್ದು. ಎಲ್ಲರಿಗೂ ಬರುತ್ತೆ, ಬರೀತಾ ಹೋಗ್ತಾರೆ. ನನಗೊಬ್ಬಳಿಗೇ ಬರಲ್ಲ. ನನ್ನ ಕಡೆಯಿಂದ ಮಾತ್ರ ಸದ್ದಿಲ್ಲ. ನಮ್ಮೂರಲ್ಲಿ ನಾನೇ ಫಸ್ಟು, ಪಿಯುಸೀಲೂ ನಾನೇ ಫಸ್ಟು. ಇಲ್ಲಿ ಬಂದ್ಮೇಲೆ ಗೊತ್ತಾಯ್ತು, ನನಗೇನೂ ಬರಲ್ಲ ಅಂತ.”

ನಾನು ಹಿತುಕುತ್ತಲೇ ಇದ್ದೆ.

“ಯಾರಿಗೂ ಗೊತ್ತಾಗ್ಬಾರ್ದು ಅಂತ ನಾನೂ ಕುಟ್ಟೋಕೆ ಶುರು ಮಾಡ್ದೆ. ಸುಮ್ನೆ, ಏನೇನೋ ಅಕ್ಷರ. ಅರ್ಥವೇ ಇಲ್ಲ. ಸದ್ದು ಬರ್ಲಿ ಅಂತ. ಆಮೇಲೆ ಎಲ್ಲಾ ಅಳಿಸಿಹಾಕ್ತಿದ್ದೆ. ದಿನಾ ಲ್ಯಾಬಲ್ಲಿ ಅದೇ ಕೆಲಸ ನಂದು. ಬೆರಳು ನೋಯೋ ತನಕ ಸುಳ್ಳು ಕುಟ್ಟೋದು, ಅಳಿಸೋದು.”

ಫರ್ಹಾನಾಳ ಕೈ ಕಾಳಿನೊಳಗೆ ನಿಂತುಹೋಗಿತ್ತು.

“ಥೂ ನಿನ್ನ!” ಅಂದಳು. “ನಿನ್ನ ಸದ್ದು ಕೇಳಿ ಕೇಳಿ ನಾನು ಸಾಯ್ತಿದ್ದೆ ಕಣೇ! ಅಯ್ಯೋ ಇವಳಿಗೆ ಎಷ್ಟು ಬೇಗ ಬರುತ್ತೆ, ನನಗೆ ಒಂದು ಸಾಲೂ ಬರ್ತಿಲ್ವಲ್ಲ ಅಂತ ನಾನೂ ಕುಟ್ತಿದ್ದೆ. ಸುಳ್ಳು ಸುಳ್ಳೇ!”

“ನೀನಾ?”

“ನಾನೇ! ಪಕ್ಕದಲ್ಲೇ ಕೂತು!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಆದರೆ ಇದು ಬೆಳಿಗ್ಗೆ ಕಂಡ ನಗುವಲ್ಲ. ನಗುತ್ತಾ ನಗುತ್ತಾ ಸಿಂಚನ ಅಳತೊಡಗಿದಳು. ಸಿಪ್ಪೆ ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು, ಮುಖವೆಲ್ಲ ಹಸಿರು. ಅಳುವಿನ ನಡುವೆಯೇ ಉಳಿದದ್ದೂ ಬಂತು. ಎರಡು ವಿಷಯಗಳಲ್ಲಿ ಫೇಲು. ದಸರಾಗೆ ಮನೆಗೆ ಹೋದಾಗ ಎಲ್ಲಾ ಪಾಸು ಅಂದಿದ್ದಾಳೆ. ಅವಳಮ್ಮ ಬೀದಿಗೆಲ್ಲ ಪಾಯಸ ಹಂಚಿದ್ದಾಳೆ. ಆ ಪಾಯಸವನ್ನು ಇವಳೂ ಎಲ್ಲರ ಮುಂದೆ ಕುಡಿಯಬೇಕಾಗಿ ಬಂದಿದೆ.

“ನಂದು ಮೂರು ಉಳ್ದಿದೆ” ಅಂದ ಗುರುಕಿರಣ ಕಂಬದ ಬುಡದಿಂದ, ಕನ್ನಡಕ ಒರೆಸುತ್ತಾ. “ನಮ್ಮಪ್ಪನಿಗೂ ಗೊತ್ತಿಲ್ಲ. ಪಾಯಸ ಮಾತ್ರ ಮಾಡಿರ್ಲಿಲ್ಲ.”

ನಾನು ಬುದ್ಧಿ ಹೇಳಲಿಲ್ಲ, ಹೇಳುವುದಕ್ಕೆ ನನಗೆ ಅವರ ಓದಿನ ತಲೆಬುಡವೂ ಗೊತ್ತಿಲ್ಲ. “ಪಾಯಸಕ್ಕೆ ಗಸಗಸೆನಾ, ಶಾವಿಗೆನಾ?” ಅಂದೆ. “ಶಾವಿಗೆ” ಅಂದಳು ಅಳುತ್ತಲೇ. “ಸಿಹಿ ಜಾಸ್ತಿ ಆಗಿತ್ತು.” ಆಮೇಲೆ ಕುರ್ಚಿಯ ಕಂಬಕ್ಕೆ ಸುತ್ತಿಕೊಂಡಿದ್ದ ಪಾದಗಳನ್ನು ಬಿಚ್ಚಿ, ಒಂದೊಂದಾಗಿ ನೆಲಕ್ಕಿಟ್ಟಳು.

“ಅಜ್ಜಿ, ಕಾಲು ಜುಮ್ಮಂತಿದೆ.”

ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. “ಏಳವ್ವಾ, ಇಬ್ರೂ ಒಟ್ಗೆ ಏಳಾನ” ಅಂದು ತಟ್ಟೆಯನ್ನು ಪಕ್ಕಕ್ಕಿಟ್ಟೆ. ಅವಳು ಎದ್ದಳು. ಹೊಸ ಕರುವಿನ ಹಾಗೆ ಕಾಲು ನಡುಗಿದವು, ಆದರೆ ಎದ್ದು ನಿಂತಳು. ಫರ್ಹಾನಾ ಕಿರುಚಿ ಹಾರಿ ಅವಳನ್ನು ತಬ್ಬಿಕೊಂಡಳು. ಲ್ಯಾಬಿನ ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು.

ನಾನು ಏಳಲಿಲ್ಲ.

ಏಳಲು ಹೋದೆ, ಆಗಲಿಲ್ಲ. ಇನ್ನೊಮ್ಮೆ ಕೈಯೂರಿ ನೋಡಿದೆ. ಸೊಂಟದಿಂದ ಕೆಳಗೆ ಕುರ್ಚಿಯೇ ನಾನಾಗಿದ್ದೆ. ಅಷ್ಟು ಜನರನ್ನು ಎಬ್ಬಿಸಿದವಳಿಗೆ ಹೀಗಾಗುವುದು ಹೇಗಿರುತ್ತದೆ ಅಂತ ಕೇಳಬೇಡಿ. ಚಪ್ಪಾಳೆ ನಿಂತಿತು. ಕಾಳಾಚಾರಿ ತನ್ನ ಬೆಂಚನ್ನು ಹೊತ್ತುಕೊಂಡು ಅದೇ ಆಗ ಬಂದವನು, ನೋಡಿ ಅದನ್ನು ಕೆಳಗಿಟ್ಟ. “ಯೋಳ್ದೆ ತಾನೇ ಸಾಕಕ್ಕಾ” ಅಂದ. “ಚಿಕ್ಕತಾಯಕ್ಕ ಇದ್ದಿದ್ರೆ...”

ಫರ್ಹಾನಾ ಓಡಿಬಂದು ನನ್ನ ಎರಡೂ ರಟ್ಟೆ ಹಿಡಿದಳು.

“ಎಳೀಬೇಡ ಕಣೇ” ಅಂದಳು ಸಿಂಚನ.

ಹೇಳಿ, ತಾನು ಎದ್ದ ಕುರ್ಚಿಯನ್ನು ಒಮ್ಮೆ ನೋಡಿದಳು. ದಸರಾದಿಂದ ಅವಳನ್ನು ಹಿಡಿದಿಟ್ಟಿದ್ದ ಕುರ್ಚಿ, ಇನ್ನೂ ಅವಳ ಬಿಸಿ ಆರಿರಲಿಲ್ಲ. ಜಯಶೀಲಾ, “ಬೇಡ ಕಂದ, ಬೆಂಚಿನ ಮೇಲೆ ಕೂತ್ಕೋ, ನಿಂಗೆ ಮತ್ತೆ ಹಿಡಿದ್ರೆ?” ಅಂದರು. ಬೆಂಚು ನನ್ನ ಕುರ್ಚಿಗಿಂತ ತಗ್ಗಾಗಿತ್ತು. ಹುಡುಗಿ ಬೆಂಚನ್ನು ನೋಡಿದಳು, ನನ್ನನ್ನು ನೋಡಿದಳು, ಬಂದು ಆ ಕುರ್ಚಿಯ ಮೇಲೆಯೇ, ನನ್ನ ಎತ್ತರಕ್ಕೆ ಸರಿಯಾಗಿ ಕೂತಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನವೆಲ್ಲ ನಾನು ಮಾಡಿದ್ದನ್ನು ನೋಡಿಕೊಂಡಿದ್ದಳು, ಅಷ್ಟೇ. ನನ್ನ ತಟ್ಟೆಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಹಿತುಕತೊಡಗಿದಳು. ನನ್ನ ಮುಖ ನೋಡಲಿಲ್ಲ. ಏನಾಯಿತು ಅಂತ ಕೇಳಲಿಲ್ಲ.

ಎಷ್ಟೋ ಜನರ ಪಕ್ಕ ಕೂತಿದ್ದೇನೆ. ಪಕ್ಕದಲ್ಲಿ ಯಾರಾದರೂ ಹಾಗೆ ಕೂತರೆ ಹೇಗಿರುತ್ತದೆ ಅನ್ನುವುದು ನನಗೆ ಮರೆತೇ ಹೋಗಿತ್ತು.

“ನನ್ನ ವಾರಗಿತ್ತಿ ಒಬ್ಳಿದ್ಲು” ಅಂದೆ, ಯಾವಾಗಲೋ. “ಚಿಕ್ಕತಾಯಿ ಅಂತ. ನಿನ್ನಂಗೆ ಮೂತಿ ಕಡೆ ಹಿಡ್ಕಂಡೇ ಹಿತುಕ್ತಿದ್ಲು. ನಾನು ಒಂದು ತಟ್ಟೆ ಮಾಡೋ ಹೊತ್ಗೆ ಎರಡು ತಟ್ಟೆ ಮಾಡಿ, ‘ಏನಕ್ಕಾ, ಕಾಳಿಗೆ ಜೋಗುಳ ಹಾಡ್ತಿದ್ದೀಯಾ?’ ಅಂತ ಅಣಕಿಸೋಳು. ಒಂದೇ ಮಣೆ ಮೇಲೆ ಉಣ್ತಿದ್ದೋ. ಅವಳು ಹೋದ್ಮೇಲೆ ಆ ಮಣೆ ಮೇಲೆ ಕುಂತೇ ಇಲ್ಲ ನಾನು. ಅವಳ ಕಡೆ ಅರ್ಧಕ್ಕೆ ಧೂಳು ಕೂತದೆ. ದಿನಾ ಕಸ ಗುಡುಸ್ತೀನಿ, ಅದೊಂದ ಒರೆಸಾಕೆ ಕೈ ಬರಾಕಿಲ್ಲ. ಒರೆಸ್ಬುಟ್ರೆ ಅವಳು ಕುಂತಿದ್ ಜಾಗ ಹೊಂಟೋಯ್ತದೆ ಅನ್ನುಸ್ತದೆ. ಅದ್ಕೇ ನಿಂತ್ಕಂಡೇ ಉಣ್ಣೋದು.”

ಸಿಂಚನ ಒಂದು ಬೇಳೆಯನ್ನು ತಟ್ಟೆಗೆ ಬಿಟ್ಟಳು. ಇನ್ನೊಂದನ್ನು ಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

“ಅಜ್ಜಿ, ಆ ಧೂಳು ನಾನು ಒರೆಸ್ಲಾ? ನೀವು ಪಕ್ಕದಲ್ಲೇ ಇರಿ. ಎಲ್ಲಿ ಬೇಡ ಅಂತೀರೋ ಅಲ್ಲಿ ಬಿಡ್ತೀನಿ.”

ನಾನು ಅತ್ತೆ. ಅಷ್ಟು ಮಕ್ಕಳ ಮುಂದೆ, ಕಾಳಾಚಾರಿಯ ಮುಂದೆ, ಸೆರಗು ಕಚ್ಚಿಕೊಂಡು ಅತ್ತೆ. ಚಿಕ್ಕತಾಯಮ್ಮ ಹೋದಾಗಲೂ ಅತ್ತಿರಲಿಲ್ಲ, ಬಂದವರನ್ನು ಸಮಾಧಾನ ಮಾಡುವುದರಲ್ಲೇ ದಿನ ಕಳೆದಿತ್ತು. ಅತ್ತು ಮುಗಿದಾಗ ನನ್ನ ಕಾಲಿನಲ್ಲಿ ಇರುವೆ ಹರಿದ ಹಾಗಾಯಿತು.

“ಜುಮ್ಮಂತಾ ಅಜ್ಜಿ?” ಅಂದಳು. ಹೂಂ ಅಂದೆ. “ಒಟ್ಟಿಗೆ” ಅಂದಳು. ಇಬ್ಬರೂ ಎದ್ದೆವು.

ಅವತ್ತು ಸಂಜೆ ಹಾಸ್ಟೆಲಿನಲ್ಲಿ ಹಿತುಕಿದ ಬೇಳೆ ಸಾರು. ಅರ್ಧ ಬೇಳೆಗೆ ಸಿಪ್ಪೆಯೇ ಬಿಟ್ಟಿರಲಿಲ್ಲ, ಯಾರೂ ದೂರಲಿಲ್ಲ. ಊಟಕ್ಕೆ ಮುಂಚೆ ಸಿಂಚನ ಮನೆಗೆ ಫೋನ್ ಮಾಡಿದಳು. ಫರ್ಹಾನಾ ಪಕ್ಕದಲ್ಲಿ ಕೂತಿದ್ದಳು. ಅವಳಮ್ಮ ಎಲ್ಲವನ್ನೂ ಕೇಳಿಸಿಕೊಂಡಳಂತೆ. ಆಮೇಲೆ, “ಬರೋ ಭಾನುವಾರ ಬರ್ತೀನಿ, ಏನು ಮಾಡ್ಕೊಂಡು ಬರ್ಲಿ?” ಅಂದಳಂತೆ. “ಪಾಯಸ ಒಂದು ಬೇಡ” ಅಂದಳಂತೆ ಮಗಳು.

ಪ್ರಿನ್ಸಿಪಾಲರು ತಾವೇ ನಡೆದುಕೊಂಡು ಕಾಳಾಚಾರಿಯ ಅಂಗಡಿಗೆ ಬಂದರು. ಅವನು ಏನೂ ಆಡಿಕೊಳ್ಳಲಿಲ್ಲ, ಮರ ಆರಿಸಲು ಅವರನ್ನೇ ಕರೆದುಕೊಂಡು ಹೋದ. ಈಗ ಹಾಸ್ಟೆಲಿನ ಕೋಣೆ ಕೋಣೆಯಲ್ಲೂ ಜೋಡಿ ಬೆಂಚು. ಉರುಳು ಕುರ್ಚಿಗಳ ಮೇಲೆ ಅಡುಗೆಮನೆಯವರು ಅಕ್ಕಿಮೂಟೆ ಸಾಗಿಸುತ್ತಾರೆ, ಬೆಲ್ಲು ಇನ್ನೂ ಹಾಗೇ ಇದೆ. ಜಯಶೀಲಾ ಪಕ್ಕದ ಪಟ್ಟಣದಿಂದ ಮನಸ್ಸಿನ ವೈದ್ಯೆಯೊಬ್ಬರನ್ನು ಗುರುವಾರ ಗುರುವಾರ ಕರೆಸುತ್ತಾರೆ. ಜೊತೆ ಕೂತರೂ ಬಿಡದವರು ಕೆಲವರು ಇರುತ್ತಾರೆ, ಅವರಿಗೆ ಔಷಧಿ ಬೇಕು, ನುರಿತವರ ಮಾತು ಬೇಕು. ಅಂಥವರನ್ನು ನಾವೇ ಆ ಡಾಕ್ಟರಮ್ಮನ ಬಾಗಿಲ ತನಕ ಬಿಟ್ಟು, ಹೊರಗೆ ಕಾದು ಕೂರುತ್ತೇವೆ. ಆಕೆಯೂ ಒಳಗೆ ಜೋಡಿ ಬೆಂಚನ್ನೇ ಹಾಕಿಸಿಕೊಂಡಿದ್ದಾರೆ.

ಮಕ್ಕಳಂತೂ ನಮ್ಮ ರೀತಿಯನ್ನು ಹಾಗೇ ತೆಗೆದುಕೊಳ್ಳಲಿಲ್ಲ, ತಮ್ಮದನ್ನೂ ಸೇರಿಸಿದರು. ಯಾರಾದರೂ ಒಬ್ಬರೇ ಬಹಳ ಹೊತ್ತು ಕೂತರೆ ಕೂಗುವಂಥ ಒಂದು ಯಂತ್ರವನ್ನು ಗುರುಕಿರಣ ಬೆಂಚಿನಡಿ ಕಟ್ಟಿದ. ಸಿಂಚನ ಅದರ ಸದ್ದು ತೆಗೆಸಿದಳು. “ಕೂತಿರೋರಿಗೆ ಅವಮಾನ ಆಗುತ್ತೆ ಕಣೋ” ಅಂದಳು. ಈಗ ಅದು ಅಡುಗೆಮನೆಯಲ್ಲಿ ಒಂದು ಪುಟ್ಟ ದೀಪ ಹೊತ್ತಿಸುತ್ತದೆ. ಕಂಡವರು ಕೈಗೆ ಸಿಕ್ಕ ಕೆಲಸ ಎತ್ತಿಕೊಂಡು, ಆ ಕೋಣೆಯ ಕಡೆ ಏನೋ ಬೇರೆ ನೆಪದಲ್ಲಿ ಬಂದ ಹಾಗೆ ಹೋಗುತ್ತಾರೆ. ಲ್ಯಾಬಿನಲ್ಲಿ ಬರದವರು ಬರುವುದಿಲ್ಲ ಅಂತ ಗಟ್ಟಿಯಾಗಿ ಹೇಳುವುದು ಅಲ್ಲಿನ ಹೊಸ ಪದ್ಧತಿ. ಮೊದಲ ದಿನ ಫರ್ಹಾನಾ ಎದ್ದು ನಿಂತು, “ನಂಗೆ ಈ ಸಾಲಿಂದ ಮುಂದಕ್ಕೆ ಒಂದಕ್ಷರ ಬರಲ್ಲ ಸಾರ್” ಅಂದಾಗ, ಅರ್ಧ ಕ್ಲಾಸು ಕುಟ್ಟುವುದನ್ನು ನಿಲ್ಲಿಸಿತಂತೆ. ಸಿಂಚನ ಉಳಿದ ಎರಡರಲ್ಲಿ ಒಂದನ್ನು ಪಾಸು ಮಾಡಿದಳು. ಇನ್ನೊಂದು ಮತ್ತೆ ಉಳಿಯಿತು. ಅದನ್ನು ಅವಳೇ ನನಗೆ ಬಂದು ಹೇಳಿದಳು, ನಿಂತುಕೊಂಡು, ಕೈಯಲ್ಲಿದ್ದ ಸೀಬೆಹಣ್ಣು ಕಚ್ಚುತ್ತಾ.

ಮೊನ್ನೆ ಹೊಸದಾಗಿ ಸೇರಿದ ಒಬ್ಬ ಹುಡುಗನಿಗೆ ಜಾಗ ಹಿಡಿದಿದೆ ಅಂತ ಸುದ್ದಿ ಬಂತು. ಕಾಳಿನ ಪಾತ್ರೆ ಹಿಡಿದು ದಿಬ್ಬ ಹತ್ತಿದೆ. ಮಂಡಿ ನೋವು, ತಡವಾಯಿತು. ಹೋಗಿ ನೋಡಿದರೆ ಹುಡುಗ ಮೆಟ್ಟಿಲ ಮೇಲೆ ಕೂತಿದ್ದಾನೆ. ಅವನ ಆಚೆ ಈಚೆ, ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು, ಎಲ್ಲ ಕಡೆ ಮಕ್ಕಳು. ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ, ಒಬ್ಬ ಯಾವುದೋ ವೈರು ಬಿಡಿಸುತ್ತಿದ್ದಾನೆ, ಒಬ್ಬ ತನ್ನ ಹರಿದ ಚೀಲಕ್ಕೆ ಕೆಟ್ಟದಾಗಿ ಹೊಲಿಗೆ ಹಾಕುತ್ತಿದ್ದಾನೆ. ಯಾರೂ ಹುಡುಗನ ಮುಖ ನೋಡುತ್ತಿಲ್ಲ. ಸಿಂಚನ ನನ್ನನ್ನು ದೂರದಿಂದಲೇ ಕಂಡು, ಬೇಕಾಗಿಲ್ಲ ಅನ್ನುವ ಹಾಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ತಿರುಗಿ ಬಂದೆ. ಇಳಿಯುವಾಗ ಮಂಡಿ ನೋಯಲಿಲ್ಲ. ಅತ್ತೆ ಇದ್ದಿದ್ದರೆ ಅವರಿಗೆ ಈ ಮಕ್ಕಳನ್ನು ತೋರಿಸಬೇಕಿತ್ತು, ಚಿಕ್ಕತಾಯಿಗೂ ತೋರಿಸಬೇಕಿತ್ತು ಅಂದುಕೊಂಡೆ.

ಮಣೆಯ ಧೂಳನ್ನು ಸಿಂಚನ ಆ ವಾರವೇ ಬಂದು ಒರೆಸಿದ್ದಳು. ಅಂಚಿನಲ್ಲಿ ಒಂದು ಬೆರಳಗಲ ಬಿಡು ಅಂದಿದ್ದೆ, ಬಿಟ್ಟಿದ್ದಾಳೆ. ಭಾನುವಾರ ಬಂದರೆ ಅವಳೋ ಫರ್ಹಾನಾಳೋ ಬಂದೇ ಬರುತ್ತಾರೆ, ಕೆಲವು ಸಲ ಇಬ್ಬರೂ. ನಾನು ಮುದ್ದೆ ಕಟ್ಟಿ, ಸಾರು ಬಡಿಸಿ, ಒಲೆಯ ಪಕ್ಕ ಎರಡು ಗಳಿಗೆ ಹಳೆಯ ಅಭ್ಯಾಸದಲ್ಲಿ ನಿಂತರೆ ಸಾಕು, ಹಿಂದಿನಿಂದ ಗದರಿಕೆ ಬರುತ್ತದೆ.

“ಏನಜ್ಜಿ ಅಲ್ಲಿ ನಿಂತ್ಕೊಂಡು? ಬನ್ನಿ, ಸಾರು ಆರೋಗ್ತಿದೆ. ನಿಮ್ಮ ಅರ್ಧ ಖಾಲಿ ಇದೆ.”

ಹೋಗಿ ಕೂರುತ್ತೇನೆ.